ಮೂಗುಮುರುಕನ ಏಕಾಂಗಿ ಕಚೇರಿ

ಅವನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಸಂಗೀತದ ಮಂದಿ ಅದನ್ನು ಬಳಸುತ್ತಿರಲಿಲ್ಲ. ಎದುರಿಗೆ ‘ಪಿಟೀಲು ಮೇಷ್ಟ್ರೇ’ ಎನ್ನುವುದು, ಬೆನ್ನು ತಿರುಗಿದ ಕೂಡಲೆ ‘ಮೂಗುಮುರುಕ’ ಎನ್ನುವುದು. ಇಟ್ಟವರು ಯಾರೋ, ಹೆಸರು ಮಾತ್ರ ಅಳತೆ ತೆಗೆದು ಹೊಲಿಸಿದಂತಿತ್ತು. ಬೇರೆಯವರ ಹಾಡು, ಬೇರೆಯವರ ವಾದ್ಯ, ಬೇರೆಯವರ ಮಗಳ ಕೈಬರಹ, ಯಾವುದನ್ನು ಮುಂದೆ ಹಿಡಿದರೂ ಅವನ ಮೂಗಿನ ಎಡಹೊಳ್ಳೆ ತಾನಾಗಿ ಮೇಲೇರುತ್ತಿತ್ತು. ಸಾವಿನ ಮನೆಗೆ ಹೋಗಿ ಬಂದರೂ, ಅತ್ತವರಲ್ಲಿ ಯಾರ ಶ್ರುತಿ ಸರಿಯಿರಲಿಲ್ಲ ಎಂದು ದಾರಿಯುದ್ದಕ್ಕೂ ಹೆಂಡತಿಗೆ ಹೇಳಿಕೊಂಡು ಬರುವ ಪುಣ್ಯಾತ್ಮ.

ಸಂಜೆ ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಕಿಟಕಿಯ ಎದುರಿಗೇ ಒಂದು ವೆಲ್ಡಿಂಗ್ ಅಂಗಡಿ. ಅಲ್ಲಿಂದ ಕಬ್ಬಿಣ ಉಜ್ಜುವ ಸದ್ದು, ಇಲ್ಲಿಂದ ಮಕ್ಕಳ ಪಿಟೀಲು. ಬೀದಿಯವರು ಎರಡಕ್ಕೂ ಒಂದೇ ಬೈಗುಳ ಇಟ್ಟುಕೊಂಡಿದ್ದರು.

“ಎಣ್ಣೆ ತಂದಿದ್ದೀಯೇನಮ್ಮ?” ಎಂದು ಅವನು ಶಿಷ್ಯೆಯನ್ನು ಕೇಳುವನು.

“ಯಾವುದಕ್ಕೆ ಮೇಷ್ಟ್ರೇ?”

“ಬಾಗಿಲ ಕೀಲಿಗೆ. ಆ ಸದ್ದೇ ಬರ್ತಾ ಇದೆ.”

ಮಗು ಅಳುತ್ತಿತ್ತು, ಅದರ ತಾಯಿ ಮರುದಿನ ಬೇರೆ ಮೇಷ್ಟ್ರನ್ನು ಹುಡುಕುತ್ತಿದ್ದಳು. ‘ಕಿವಿ ಇಲ್ಲದವರು ಹೋದರೆ ಹೋಗಲಿ’ ಎಂದು ಇವನು ಮೂಗು ಮುರಿಯುತ್ತಿದ್ದ. ಹೀಗೆ ಕೊಂಕಿನಲ್ಲಿ ಇವನನ್ನು ಮೀರಿಸುವವರಿರಲಿಲ್ಲ. ಆದರೆ ಈ ಕೊಂಕಿಗೆಲ್ಲ ಬೇರು ಇದ್ದದ್ದು ಒಂದೇ ಕಡೆ. ಅದು ಅವನ ಭಾವ.

ಭಾವ ಎಂದರೆ ಹೆಂಡತಿಯ ಅಣ್ಣ. ಹೆಸರಾದ ಹಾಡುಗಾರ; ತೀರಾ ದೊಡ್ಡ ಹೆಸರಲ್ಲ, ಸಭಾಂಗಣ ತುಂಬುವಷ್ಟು ದೊಡ್ಡದು. ತನ್ನ ಹೆಂಡತಿ ತೀರಿಕೊಂಡ ಮೇಲೆ ಇದೇ ಮನೆಯ ಕೆಳಮಹಡಿಗೆ ಬಂದು ಒಬ್ಬನೇ ಇದ್ದ. ಊಟ, ಕಾಫಿ ತಂಗಿಯ ಮನೆಯಿಂದ ಇಳಿದು ಹೋಗುತ್ತಿತ್ತು. ಜನ ಅವನನ್ನು ‘ದೊಡ್ಡವರು’ ಎನ್ನುತ್ತಿದ್ದರು. ಮೂಗುಮುರುಕ ಎದುರಿಗೆ ‘ಭಾವ’ ಎಂದೂ ಅಡುಗೆಮನೆಯಲ್ಲಿ ‘ಗಂಟಲಪ್ಪ’ ಎಂದೂ ಕರೆಯುತ್ತಿದ್ದ.

“ನಿಮ್ಮಣ್ಣ ಗಂಟಲಪ್ಪನ ಹಾಡಲ್ಲಿ ಅರ್ಧ ನಂದು ಕಣೇ” ಎಂದು ಹೆಂಡತಿಗೆ ವಾರಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

“ಆಯ್ತು, ಬಟ್ಟೆ ಒಣಗಿದ್ಯಾ ನೋಡಿ” ಎನ್ನುವಳು ಅವಳು. ಅವಳಿಗೆ ಅದು ಗೋಡೆ ಗಡಿಯಾರದ ಸದ್ದಿನ ಹಾಗೆ ಒಗ್ಗಿಹೋಗಿತ್ತು.

ಮೊದಲಿಂದ ಹೇಳಬೇಕೆಂದರೆ, ಅವನ ಅಪ್ಪ ದರ್ಜಿ. ಕೊಂಕಾಡುವ ಬಾಯಿ ಅಲ್ಲಿಂದಲೇ ಬಂದ ಆಸ್ತಿ. ಮಗ ಶಾಲೆಯ ಸಂಗೀತದ ಮೇಷ್ಟ್ರಿಂದ ಹಳೆಯ ಪಿಟೀಲೊಂದನ್ನು ತಂದಾಗ, ಆ ಅಪ್ಪ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, “ಕಾಜಾ ಹಾಕೋಕೆ ಬಾರದ ಬೆರಳು, ತಂತಿ ಮೇಲೆ ಅದೇನ್ ಕಡಿದು ಕಟ್ಟೆ ಹಾಕುತ್ತೋ ನೋಡೋಣ” ಅಂದ. ಹುಡುಗ ಕಡಿದು ಕಟ್ಟೆ ಹಾಕಿಯೇಬಿಟ್ಟ. ಶಾಲೆಗಳ ಸ್ಪರ್ಧೆಯಲ್ಲಿ ಒಬ್ಬನೇ ನಿಂತು ನುಡಿಸಿ ಮೊದಲ ಬಹುಮಾನ ಹೊಡೆದ. ಎರಡನೆಯ ಬಹುಮಾನ ಬಂದದ್ದು ಹಾಡಿದ ಇನ್ನೊಬ್ಬ ಹುಡುಗನಿಗೆ. ಆ ಎರಡನೆಯವನು ಓಡಿ ಬಂದು ಇವನ ಕೈ ಹಿಡಿದುಕೊಂಡು, “ನೀನು ಪಕ್ಕದಲ್ಲಿ ಕೂತ್ರೆ ನಂಗೆ ಹಾಡೋಕೆ ಭಯ ಆಗಲ್ಲ, ಬರ್ತೀಯಾ?” ಎಂದು ಕೇಳಿದ. ಹೊಗಳಿಕೆ ಎಂದರೆ ಇವನಿಗೆ ಅಂದಿಗೂ ಬಾಯಲ್ಲಿ ನೀರೂರುವ ವಸ್ತು. ಪಕ್ಕದಲ್ಲಿ ಹೋಗಿ ಕೂತ.

ಕೂತವನು ಏಳಲಿಲ್ಲ. ಹಾಡುಗಾರ ಮುಂದೆ ತನ್ನ ತಂಗಿಯನ್ನೇ ಇವನಿಗೆ ಕೊಟ್ಟ. ತಂಗಿಯನ್ನು ಕೊಟ್ಟು ಪಿಟೀಲನ್ನು ಮನೆಗೆ ತಂದುಕೊಂಡ ಎಂದು ಜನ ಆಡಿಕೊಂಡರು. ಬಾಯಿಯಿದ್ದವರು ಇನ್ನೇನು ಮಾಡುತ್ತಾರೆ?

ಅಲ್ಲಿಂದ ಮುಂದೆ ಕೆಲಸ ಎಂದರೆ ಹಿಂಬಾಲಿಸುವುದು. ಭಾವ ಒಂದು ಸಾಲು ಹಾಡುತ್ತಾನೆ, ಪಿಟೀಲು ಅದಕ್ಕೆ ಉತ್ತರ ಕೊಡುತ್ತದೆ. ಮತ್ತೆ ಭಾವ, ಮತ್ತೆ ಪಿಟೀಲು. ವೇದಿಕೆಯ ನಡುವೆ ಅವನು, ಒಂದು ಗೇಣು ಹಿಂದಕ್ಕೆ ಇವನು. ಗೋಡೆಗೆ ಅಂಟಿಸುವ ಭಿತ್ತಿಪತ್ರದಲ್ಲಿ ಅವನ ಮುಖ ಮೊರದಗಲ, ಇವನ ಹೆಸರು ಮುದ್ರಣಾಲಯದ ವಿಳಾಸದ ಪಕ್ಕದಲ್ಲಿ. ಭಾವನಿಗೆ ಉಸಿರು ಗಿಡ್ಡ. ಉದ್ದದ ಸಾಲಿನಲ್ಲಿ ನಡುವೆ ಮುರಿದುಬೀಳುತ್ತಿತ್ತು. ಆ ಬಿರುಕಿಗೆ ಇವನು ತಂತಿಯಿಂದ ತೇಪೆ ಹಾಕಿದರೆ, ಕೇಳುವವರು ‘ಆಹಾ, ಎಂಥ ದಮ್ಮು!’ ಎಂದು ಭಾವನಿಗೆ ತಲೆದೂಗುತ್ತಿದ್ದರು. ಒಮ್ಮೆ ತುಂಬಿದ ಸಭೆಯಲ್ಲಿ ಭಾವನಿಗೆ ಸಾಲೇ ಮರೆತುಹೋಯಿತು. ಇವನು ಸಾಲು ನೆನಪಾಗುವ ತನಕ ತನಗೆ ತೋಚಿದ್ದನ್ನು ನುಡಿಸಿ ಮಾನ ಉಳಿಸಿದ. ಮರುದಿನದ ಪತ್ರಿಕೆಯಲ್ಲಿ, ಪಕ್ಕವಾದ್ಯಕ್ಕೂ ಧಾರಾಳವಾಗಿ ಅವಕಾಶ ಕೊಟ್ಟ ಹಾಡುಗಾರನ ದೊಡ್ಡ ಗುಣದ ಬಗ್ಗೆ ಬಂದಿತ್ತು. ಅದನ್ನು ಓದಿದ ದಿನ ಮೂಗುಮುರುಕ ಊಟ ಮಾಡಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಒಂದೇ. ಒಂದು ಸಲ ಒಬ್ಬನೇ ಕೂತು ನುಡಿಸಬೇಕು, ಜನ ಅವನಿಗಾಗಿಯೇ ಬಂದು ಕೇಳಬೇಕು. ಹದಿನೈದರ ಹರೆಯದಲ್ಲಿ ಕೈಗೆ ಸಿಕ್ಕು ಜಾರಿದ್ದು ಅದು. ಅದಕ್ಕಾಗಿ ಅವನ ಹೊಟ್ಟೆ ಉರಿಯುತ್ತಿತ್ತು. ಉರಿ ಬಾಯಿಗೆ ಬರುವಾಗ ಕೊಂಕಾಗುತ್ತಿತ್ತು. ಆದರೆ ಯಾರನ್ನಾದರೂ ಕೇಳಿದನೇ? ಇಲ್ಲ. ಕೇಳಿದರೆ ಇಲ್ಲ ಅಂದುಬಿಟ್ಟಾರು ಎಂಬ ಭಯ. ಬೈದುಕೊಂಡು ಕೂರುವುದರಲ್ಲಿ ಆ ಅಪಾಯ ಇಲ್ಲವಲ್ಲ.

ಹೀಗಿರುವಾಗ ಭಾವನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಕತ್ತರಿಸಿ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಮರಳಿನ ಮೇಲೆ ಚಪ್ಪಲಿ ಎಳೆದಂಥ ಪಿಸುಮಾತು. ಹಾಡಲೇಬಾರದು ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮೂಗುಮುರುಕನೂ ಮುಖ ಸಪ್ಪೆ ಮಾಡಿಕೊಂಡ. ಒಳಗೆ ಮಾತ್ರ ಯಾರೋ ಕಿಟಕಿ ತೆರೆದಂತಾಗಿತ್ತು. ಇನ್ನು ನನ್ನ ಸರದಿ ಎಂದುಕೊಂಡ. ಸರದಿ ಬರಲಿಲ್ಲ. ಹಾಡುಗಾರನೇ ಇಲ್ಲದ ಮೇಲೆ ಪಕ್ಕವಾದ್ಯದವನನ್ನು ಯಾರು ಕರೆಯುತ್ತಾರೆ? ಐದಾರು ವರ್ಷ ಬಾಗಿಲ ಕೀಲಿನ ಸದ್ದು ಕೇಳಿಕೊಂಡೇ ಕಳೆದ. ಜನ ಭಾವನನ್ನೂ ಮರೆತರು. ಇವನನ್ನು ಮರೆಯಲು ಮೊದಲು ನೆನಪಿರಬೇಕಿತ್ತು.

ಆಗ ಬಂದವಳು ರೇಡಿಯೊದ ಹುಡುಗಿ. ಸಂಗೀತಗಾರರು ತಮ್ಮ ಬದುಕನ್ನು ತಾವೇ ಹಿಂತಿರುಗಿ ನೋಡುವ ಕಾರ್ಯಕ್ರಮವಂತೆ. ಕೆಳಮಹಡಿಯ ಕೋಣೆಯಲ್ಲಿ ಮೈಕು ಹಿಡಿದು ಭಾವನ ಎದುರು ಕೂತಳು. ಕಾಫಿ ತಂದ ನೆಪದಲ್ಲಿ ಮೂಗುಮುರುಕ ಬಾಗಿಲಿಗೆ ಒರಗಿ ನಿಂತ.

“ಸರ್, ನಿಮ್ಮ ಸೃಜನಶೀಲತೆಯ ಮೂಲ ಯಾವುದು?”

“ನಾನು ಹಾಡ್ಲೇ ಇಲ್ಲಮ್ಮ” ಎಂದು ಭಾವ ಪಿಸುಗುಟ್ಟಿದ. “ಹಾಡೇ ನನ್ನ ಹಾಡಿಸ್ತು.”

“ಸಾಲು ಮರೆತಾಗ ಹಾಡು ಎಲ್ಲಿಗೆ ಹೋಗಿತ್ತಂತೆ, ಸಂತೆಗಾ?” ಎಂದು ಮೂಗುಮುರುಕ ಬಾಗಿಲಿಗೆ ಹೇಳಿದ.

“ನಾನು ಯಾರು ಅಂತ ನಿಮಗೆ ನೀವೇ ಕೇಳ್ಕೊಂಡಿದ್ದೀರಾ ಸರ್?”

“ನಾನೊಂದು ಕೊಳವೆ ಅಷ್ಟೆ. ನಾದ ಬಂತು, ಹರಿದು ಹೋಯ್ತು.”

“ಕಟ್ಟಿಕೊಂಡಾಗೆಲ್ಲ ಕಡ್ಡಿ ಹಾಕಿ ಬಿಡಿಸಿದವನು ನಾನು” ಎಂದ ಇವನು, ಈ ಸಲ ಕೇಳುವ ಹಾಗೆ. ಹುಡುಗಿ ತಿರುಗಿದಳು. ಭಾವ ನಕ್ಕು, “ಅವನನ್ನ ಕೇಳಮ್ಮ, ನಂಗಿಂತ ಅವನಿಗೆ ಗೊತ್ತು” ಅಂದ. ನಿಜವಾಗಿಯೇ ಅಂದದ್ದು. ಇವನು ಅದನ್ನೂ ಕುಚೋದ್ಯ ಎಂದೇ ತಿಳಿದ.

“ಮಾತಾಡೋಕೆ ನಾನು ಕೊಳವೆ ಅಲ್ಲ. ಬೇಕಿದ್ರೆ ನುಡಿಸ್ತೀನಿ. ಒಬ್ಬನೇ. ಅರ್ಧ ಗಂಟೆ” ಎಂದ.

ಕೇಳಿಯೇಬಿಟ್ಟಿದ್ದ. ಹುಡುಗಿ ಸುಲಭವಾಗಿ ಆಗಲಿ ಅಂದಾಗ, ಇಷ್ಟಕ್ಕಾಗಿಯೇ ಇಷ್ಟು ವರ್ಷ ಕಾದೆನೇ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಧ್ವನಿಮುದ್ರಣದ ಕೋಣೆ ಹಾಸಿಗೆಯೊಳಗೆ ಕೂತಷ್ಟು ಮೆತ್ತಗಿತ್ತು. ಗೋಡೆಗೆಲ್ಲ ಬಟ್ಟೆ ಹೊದಿಸಿದ್ದರು, ಗಾಜಿನ ಆಚೆ ಯಂತ್ರದವನು. ಕೆಂಪು ದೀಪ ಹತ್ತಿತು. ಮೂಗುಮುರುಕ ಕಮಾನನ್ನು ತಂತಿಯ ಮೇಲಿಟ್ಟು ತಲೆ ಓರೆ ಮಾಡಿ ಕೂತ. ಕೂತೇ ಇದ್ದ.

“ಶುರು ಮಾಡಿ ಮೇಷ್ಟ್ರೇ” ಎಂದ ಯಂತ್ರದವನು.

“ಶುರುವಾಗಿದೆ. ನೀವು ಬಾಯಿ ಹಾಕ್ಬೇಡಿ!”

ಕೊನೆಗೂ ನುಡಿಸಿದ. ಚೆನ್ನಾಗಿಯೇ ನುಡಿಸಿದ, ಬೆರಳು ಬೆಣ್ಣೆಯ ಮೇಲೆ ಓಡಿದಂತೆ ಓಡಿತು. ಮುಗಿಸಿ ಹೊರಗೆ ಬಂದಾಗ ಅವನ ಮೂಗು ಇದ್ದ ಜಾಗದಲ್ಲೇ ಇತ್ತು, ಅಪರೂಪಕ್ಕೆ. ಆಗ ಯಂತ್ರದವನು ತಲೆ ಕೆರೆದುಕೊಂಡು, “ಮಧ್ಯದ ಖಾಲಿ ಜಾಗ ಎಲ್ಲ ಕತ್ತರಿಸಿ ಅಂಟಿಸ್ಲಾ ಮೇಷ್ಟ್ರೇ? ಅರ್ಧಕ್ಕರ್ಧ ಖಾಲಿನೇ ಇದೆ” ಅಂದ.

“ಯಾವ ಖಾಲಿ ಜಾಗ?”

ಹಾಕಿ ಕೇಳಿಸಿದರು. ಒಂದು ಸಾಲು ಪಿಟೀಲು, ಆಮೇಲೆ ಏನೂ ಇಲ್ಲ. ಮತ್ತೊಂದು ಸಾಲು, ಮತ್ತೆ ಏನೂ ಇಲ್ಲ. ಪ್ರತಿ ಖಾಲಿ ಜಾಗವೂ ಭಾವನ ಒಂದು ಸಾಲಿನಷ್ಟೇ ಉದ್ದ, ಕೂದಲೆಳೆಯ ವ್ಯತ್ಯಾಸವಿಲ್ಲ. ಅಷ್ಟೇ ಆಗಿದ್ದರೆ ಸಾಕಿತ್ತು. ಉದ್ದದ ಸಾಲಿನ ನಡುವೆ, ಭಾವನಿಗೆ ಉಸಿರು ಕಟ್ಟುತ್ತಿದ್ದ ಕಡೆಯಲ್ಲೆಲ್ಲ, ಇವನ ಕಮಾನು ತಂತಿಯಿಂದ ಮೇಲೆದ್ದಿತ್ತು. ಪಿಟೀಲಿಗೆಲ್ಲಿಯ ಉಸಿರು? ಹಾಡಿನಲ್ಲಿ ಅರ್ಧ ತನ್ನದು ಎನ್ನುತ್ತಿದ್ದವನಿಗೆ ಅಳೆದು ಸುರಿದಂತೆ ಅರ್ಧವೇ ಸಿಕ್ಕಿತ್ತು.

ಅಷ್ಟರಲ್ಲಿ ಹುಡುಗಿ ಒಳಗೆ ನುಗ್ಗಿದಳು. “ಕತ್ತರಿಸ್ಬೇಡಿ! ಸರ್, ಈ ಮೌನ! ಎಂಥ ಧೈರ್ಯ! ಪ್ರತಿ ಸಾಲಾದ್ಮೇಲೂ ಕೇಳೋರಿಗೆ ಜಾಗ ಬಿಟ್ಟಿದ್ದೀರಿ. ಇದು ನಿಮಗೆ ಹೇಗೆ ಹೊಳೀತು ಸರ್?” ಎಂದು ಮೈಕನ್ನು ಬಾಯಿಯ ಹತ್ತಿರಕ್ಕೇ ಹಿಡಿದಳು.

‘ಅಲ್ಲಿ ನಮ್ಮ ಭಾವ ಹಾಡಬೇಕಿತ್ತಮ್ಮ, ಅಭ್ಯಾಸ ಬಲ’ ಎಂದಿದ್ದರೆ ಮುಗಿಯುತ್ತಿತ್ತು. ಜಗತ್ತಿನ ಬೂಟಾಟಿಕೆಗೆಲ್ಲ ಮೂಗು ಮುರಿದ ಮನುಷ್ಯನಿಗೆ ಇದೊಂದು ನಿಜ ಹೇಳುವುದು ಎಷ್ಟರ ಮಾತು? ಆದರೆ ನಿಜ ಹೇಳಿದರೆ ಮತ್ತೆ ಒಂದು ಗೇಣು ಹಿಂದಕ್ಕೆ ಹೋಗಿ ಕೂರಬೇಕು. ಅವನು ಗಂಟಲು ಸರಿಮಾಡಿಕೊಂಡ.

“ಮೌನವೂ ಒಂದು ಸ್ವರಾನೇ” ಎಂದ. “ಆ ಸ್ವರ ಹಿಡಿಯೋಕೆ ನಂಗೆ ಇಷ್ಟು ವರ್ಷ ಬೇಕಾಯ್ತು.”

ತನ್ನ ಬಾಯಿಂದ ಅಂಥ ಮಾತು ಇಷ್ಟು ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯ. ಕೊಳವೆ ಎಂದು ಭಾವನನ್ನು ಆಡಿಕೊಂಡು ವಾರವೂ ಆಗಿರಲಿಲ್ಲ.

ಕಾರ್ಯಕ್ರಮ ಬಂದ ದಿನ ಮೂವರೂ ಕೆಳಮಹಡಿಯಲ್ಲಿ ರೇಡಿಯೊದ ಮುಂದೆ ಕೂತರು. ಪಿಟೀಲು ನಿಂತಾಗಲೆಲ್ಲ ಭಾವನ ತುಟಿ ಅಲ್ಲಾಡುತ್ತಿತ್ತು, ಸದ್ದಿಲ್ಲದೆ. ಮುಗಿದ ಮೇಲೆ “ಚೆನ್ನಾಗಿದೆ” ಎಂದಷ್ಟೇ ಪಿಸುಗುಟ್ಟಿದ. ಮೇಲೆ ಬಂದ ಮೇಲೆ ಹೆಂಡತಿ ತಡೆಯಲಾರದೆ ಕೇಳಿದಳು:

“ಅದು ಮೌನ ಅಂತೀರಲ್ಲ ರೀ. ಅಲ್ಲಿ ಅಣ್ಣ ಇದ್ದಾನೆ. ನಂಗೇ ಕೇಳಿಸ್ತು.”

“ನಿಂಗೇನೇ ಗೊತ್ತು ಸಂಗೀತ?”

“ಸಂಗೀತ ಗೊತ್ತಿಲ್ಲ. ನೀವಿಬ್ರೂ ಗೊತ್ತು” ಎಂದು ಅವಳು ದೀಪ ಆರಿಸಿದಳು.

ಊರಿನ ಬುದ್ಧಿವಂತರು ಬೆನ್ನು ಹತ್ತಿದರು. ಇಂಥವರಿಗೆ ಹೊಸದೊಂದು ಸಿಕ್ಕರೆ ಸಾಕು, ಅಟ್ಟಕ್ಕೇರಿಸಿಯೇ ಬಿಡುವುದು. ಪತ್ರಿಕೆಯೊಂದು ‘ಶೂನ್ಯದ ಪಿಟೀಲುಗಾರ’ ಎಂದು ಬರೆಯಿತು. ಹಳೆಯ ಗೋದಾಮನ್ನು ಸಭಾಂಗಣ ಮಾಡಿಕೊಂಡಿದ್ದ ಒಂದು ಕಲಾಕೇಂದ್ರ ಏಕಾಂಗಿ ಕಚೇರಿಗೆ ಕರೆಯಿತು. ಗೋಡೆಯ ಮೇಲೆ ಅವನ ಮುಖ, ಮೊರದಗಲ. ಮೂಗುಮುರುಕ ಬೆಳಿಗ್ಗೆ ಎದ್ದು ಅಭ್ಯಾಸಕ್ಕೆ ಕೂರುತ್ತಿದ್ದ. ಯಾವುದರ ಅಭ್ಯಾಸ ಎನ್ನುತ್ತೀರಿ? ಸುಮ್ಮನಿರುವುದರ ಅಭ್ಯಾಸ. ತಾನಾಗಿ ಬಂದದ್ದನ್ನು ಈಗ ಬೇಕೆಂದೇ ಮಾಡಬೇಕಿತ್ತು. ಮನಸ್ಸಿನಲ್ಲಿ ಭಾವನ ಸಾಲು ಹಾಡಿಕೊಳ್ಳದಿದ್ದರೆ ಮೌನದ ಅಳತೆಯೇ ಸಿಗುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಲಿಲ್ಲ.

ಕಚೇರಿಯ ಸಂಜೆ ಮುಂದಿನ ಸಾಲಿನಲ್ಲಿ ಹೆಂಡತಿ, ಅವಳ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಭಾವ. ಜನ ಕಣ್ಣು ಮುಚ್ಚಿ ಮೊದಲ ಹಾಡು ಕೇಳಿದರು. ಮೌನ ಬಂದಾಗಲೆಲ್ಲ ಕೆಲವರು ನಿಟ್ಟುಸಿರು ಬಿಟ್ಟರು, ಅರ್ಥವಾದವರ ಹಾಗೆ. ಎರಡನೆಯ ಹಾಡು ಶುರುವಾಯಿತು. ಮೊದಲ ಸಾಲು ಮುಗಿದು ಕಮಾನು ನಿಂತಿತು. ಆ ಖಾಲಿ ಜಾಗದಲ್ಲಿ ಭಾವ ಬಾಯಿ ತೆರೆದು ಹಾಡಿಬಿಟ್ಟ.

ಬೇಕೆಂದು ಹಾಡಿದ್ದಲ್ಲ. ಮೈಮರೆತಿದ್ದ. ದನಿ ಕುರ್ಚಿ ಎಳೆದಂತೆ ಕರಕರ ಎಂದಿತು. ಆದರೆ ಬಂದದ್ದು ಸರಿಯಾದ ಜಾಗಕ್ಕೆ, ಸರಿಯಾದ ಸ್ವರಕ್ಕೆ. ಜನ ಕಣ್ಣು ತೆರೆದು ತಿರುಗಿ ನೋಡಿದರು, ಹಿಂದೆ ಯಾರೋ ಕಿಸಕ್ಕನೆ ನಕ್ಕರು. ವೇದಿಕೆಯ ಮೇಲೆ ಮೂಗುಮುರುಕನ ಬೆರಳು ಆಗಲೇ ಉತ್ತರಕ್ಕೆ ತಂತಿಯ ಮೇಲೆ ಇಳಿದಿತ್ತು. ಒಂದು ಸ್ವರ ನುಡಿಸಿದ್ದರೆ ಸಾಕಿತ್ತು, ಇಬ್ಬರೂ ದಡ ಸೇರುತ್ತಿದ್ದರು. ಬಿರುಕಿಗೆ ತೇಪೆ ಹಾಕುವುದರಲ್ಲಿ ಅವನಿಗಿಂತ ಪಳಗಿದ ಕೈ ಇರಲಿಲ್ಲ. ಅವನು ಬೆರಳು ಹಿಂದೆಗೆದುಕೊಂಡ. ಮೈಕಿನ ಕಡೆ ಬಾಗಿ, ಮುಖಪರಿಚಯವೇ ಇಲ್ಲದವರಿಗೆ ಹೇಳುವ ಹಾಗೆ,

“ದಯವಿಟ್ಟು ಮೌನ ಕಾಪಾಡ್ಬೇಕು” ಎಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾವ ಬೆಚ್ಚಿಬಿದ್ದು ಅಂಗೈಯಿಂದ ಬಾಯಿ ಮುಚ್ಚಿಕೊಂಡ. ತಪ್ಪಾಯಿತು ಎನ್ನುವಂತೆ ತಲೆಯಾಡಿಸಿ, ಎದ್ದು, ಕಾಲೆಳೆದುಕೊಂಡು ಹೊರಗೆ ನಡೆದ. ಹೆಂಡತಿ ಗಂಡನ ಮುಖವನ್ನೇ ಒಮ್ಮೆ ನೋಡಿ ಅಣ್ಣನ ಹಿಂದೆ ಹೋದಳು. ಕಚೇರಿ ಮುಂದುವರಿಯಿತು. ಅಂಥ ಗಳಿಗೆಯಲ್ಲೂ ಕೈ ನಡುಗಲಿಲ್ಲ ಎಂಬುದು ಅವನ ಹೆಗ್ಗಳಿಕೆಯೋ ಅವನ ಹಣೆಬರಹವೋ, ನೀವೇ ಹೇಳಿ. ಕೊನೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬನೇ ಕೂತು ನುಡಿಸಿದ್ದಾಯಿತು, ಜನ ಅವನಿಗಾಗಿಯೇ ಬಂದದ್ದೂ ಆಯಿತು.

“ಯಾರು ಸರ್ ಆ ವಯಸ್ಸಾದವರು? ಪಾಪ, ಮೌನ ಅರ್ಥ ಆಗ್ಲಿಲ್ಲ ಅನ್ಸುತ್ತೆ” ಎಂದು ಕಲಾಕೇಂದ್ರದ ಕಾರ್ಯದರ್ಶಿ ಹಾರ ಹಾಕುತ್ತಾ ಕೇಳಿದ.

“ನಮ್ಮ ಕಡೆಯೋರೇ. ಸ್ವಲ್ಪ ಮರೆವು” ಎಂದ ಮೂಗುಮುರುಕ.

ರೇಡಿಯೊದ ಹುಡುಗಿಯೂ ಬಂದಿದ್ದಳು. ಅವಳಿಗೆ ಭಾವನ ಗುರುತಿತ್ತು. ಅವಳು ಮಾತ್ರ ಇವನ ಹತ್ತಿರ ಬರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಕಾಫಿ ಲೋಟವನ್ನು ಅವನ ಮುಂದೆ ಕುಕ್ಕಿದಳು. “ಕೆಳಗೆ ಕೊಟ್ಟು ಬನ್ನಿ” ಎಂದಳು. ಅಷ್ಟು ವರ್ಷದಲ್ಲಿ ಅವನಿಗೆ ಆ ಕೆಲಸ ಹೇಳಿದವಳಲ್ಲ. ಅವನು ಮೆಟ್ಟಿಲಿಳಿಯುವಾಗ ಒಂದೊಂದೇ ಕೊಂಕನ್ನು ಮಸೆದಿಟ್ಟುಕೊಂಡ. ಭಾವ ಬೈದರೆ ಇದು, ಅತ್ತರೆ ಇದು, ಹಂಗಿಸಿದರೆ ಇದು. ‘ನನ್ನ ಕಚೇರಿಗೆ ಬಂದು ನೀವು ಹಾಡಿದ್ದು ಯಾವ ನ್ಯಾಯ?’ ಎಂಬುದಂತೂ ತುಟಿಯ ಮೇಲೇ ಇತ್ತು.

ಭಾವ ಕಿಟಕಿಯ ಬಳಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ. ಲೋಟ ಇಸಕೊಂಡು ಒಂದು ಗುಟುಕು ಕುಡಿದ. ಗಂಟಲು ನೋಯುತ್ತಿತ್ತು ಎಂದು ಕಾಣುತ್ತದೆ, ನುಂಗುವಾಗ ಕಣ್ಣು ಮುಚ್ಚಿದ.

“ನಾವು ಆಗ್ಲೇ ಮನೆಗೆ ಬರ್ಲಿಲ್ಲ ಕಣೋ ನಿನ್ನೆ” ಎಂದು ಪಿಸುಗುಟ್ಟಿದ. “ಬಾಗಿಲ ಹೊರಗೆ ನಿಂತು ಪೂರ್ತಿ ಕೇಳಿದ್ವಿ. ಜಾಗ ಬಿಟ್ಟಲ್ಲೆಲ್ಲ ಒಳಗೊಳಗೇ ಹಾಡ್ಕೊಂಡೆ, ಯಾರಿಗೂ ತೊಂದ್ರೆ ಆಗದ ಹಾಗೆ.”

ಮೂಗುಮುರುಕ ಮಸೆದಿಟ್ಟುಕೊಂಡ ಕೊಂಕಿನಲ್ಲಿ ಇದಕ್ಕೆ ಹೊಂದುವುದು ಒಂದೂ ಇರಲಿಲ್ಲ.

“ಎಲ್ಲ ಚೆನ್ನಾಗಿ ಬಂತು. ಆದ್ರೆ ಕಡೇ ಹಾಡಿನ ಕಡೇ ಸಾಲಲ್ಲಿ ನೀನು ಬೇಗ ಬಂದ್ಬಿಟ್ಟೆ” ಎಂದ ಭಾವ. “ನಾನಿನ್ನೂ ಮುಗಿಸಿರ್ಲಿಲ್ಲ.”